ಅವ್ವನ ಕೈಗುಣ

"ಅವ್ವಾ, ಮುಟ್ಟಿ ನೋಡು. ಕಚ್ಚಲ್ಲ!" ಎಂದಳು ತೇಜಸ್ವಿನಿ.

ತುಮಕೂರಿನ ಆ ಕಂಪ್ಯೂಟರ್ ಅಂಗಡಿಯ ಕೌಂಟರಿನ ಮೇಲೆ ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಹರಡಿಕೊಂಡಿದ್ದವು. ಗಂಗಲಕ್ಷ್ಮಮ್ಮ ಮಾತ್ರ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ನಿಂತಿದ್ದಳು. ಗಂಡ ಹೋದ ಮೇಲೆ ಅವಳು ಹೊಸ ವಸ್ತು ಯಾವುದನ್ನೂ ಮೊದಲು ಮುಟ್ಟಿದವಳಲ್ಲ, ಕುಂಕುಮದ ಭರಣಿಯ ಹತ್ತಿರ ಸುಳಿದವಳಲ್ಲ. ಯಾರೂ ಹಾಗೆಂದು ಹೇಳಿರಲಿಲ್ಲ, ತಾನೇ ಹಾಕಿಕೊಂಡ ಕಟ್ಟು. ಇವತ್ತಂತೂ ಕೊಳ್ಳುತ್ತಿರುವುದು ಮಗಳು ದುಡಿಯುವ ಯಂತ್ರ. ಮದುವೆ ವಿಡಿಯೋಗಳ ಎಡಿಟಿಂಗ್ ಕೆಲಸ ಕೊಡುತ್ತೇವೆಂದು ಗುಬ್ಬಿಯ ಸ್ಟುಡಿಯೋದವರು ಒಪ್ಪಿದ್ದರು.

"ನೀನೇ ಆರುಸ್ಕೊ ಮಗ. ನಾನ್ಯಾಕೆ ಅಡ್ಡ ಕೈ ಹಾಕ್ಲಿ?"

ಕೈ ಕಟ್ಟಿದ್ದರೇನು, ಬಾಯಿ ಕಟ್ಟಿರಲಿಲ್ಲ. ಅಂಗಡಿಯ ಶಮಂತ್ ಎರಡು ಕ್ಯಾಬಿನೆಟ್ ತಂದಿಟ್ಟ. ಒಂದು ಬರೀ ತಗಡಿನದು. ಇನ್ನೊಂದಕ್ಕೆ ಪಕ್ಕದಲ್ಲಿ ಗಾಜು, ಒಳಗೆ ಬಣ್ಣಬಣ್ಣದ ದೀಪ ಉರಿಯುವ ಫ್ಯಾನುಗಳು.

"ತಗಡಿಂದೇ ಸಾಕು," ಎಂದಳು ತೇಜು. "ಆ ದೀಪದ ದುಡ್ಡನ್ನ ರ‍್ಯಾಮಿಗೆ ಹಾಕಿ ಸರ್."

"ಅದ್ಯಾವ್ದೇ ರ‍್ಯಾಮು?"

"ಇದು ಕಣವ್ವ, ಈ ಪಟ್ಟಿ. ಕಂಪ್ಯೂಟರು ಕೆಲ್ಸಾನೆಲ್ಲ ಇದರ ಮೇಲೇ ಹರಡ್ಕೊಂಡು ಮಾಡೋದು. ಕಮ್ಮಿ ಇದ್ರೆ ವಿಡಿಯೋ ಮುಗ್ಗರಿಸ್ತದೆ."

"ಅಂಗಾರೆ ಅದು ಜಾಸ್ತೀನೇ ಇರ್ಲಿ ಬುಡು. ಆದ್ರೆ ಇಷ್ಟೆಲ್ಲ ಕೊಂಡು ತಗಡಿನೊಳಗೆ ಮುಚ್ಚಿಟ್ರೆ ನಂಗೇನ್ ಕಾಣ್ತದೆ? ಗಾಜಿಂದೇ ತಗೊ. ಏನಪ್ಪಾ, ವಸಿ ನೋಡ್ಕೊಂಡು ಹಾಕು, ಕಡಬದಿಂದ ಬಂದಿದೀವಿ."

ಶಮಂತ್ ನಕ್ಕುಬಿಟ್ಟ. ದೀಪದ ಫ್ಯಾನುಗಳಲ್ಲಿ ಒಂದನ್ನು ಮಾತ್ರ ಉಳಿಸಿ, ಮಿಕ್ಕವನ್ನು ಸಾದಾ ಮಾಡಿ, ಗಾಜಿನ ಕ್ಯಾಬಿನೆಟ್ಟನ್ನೇ ಲೆಕ್ಕಕ್ಕೆ ಹೊಂದಿಸಿದ. ಎಲ್ಲವನ್ನೂ ಕೌಂಟರಿನ ಮೇಲೆಯೇ ಜೋಡಿಸಿ, ಆನ್ ಮಾಡಿ ತೋರಿಸಿ, ಮತ್ತೆ ಬಿಚ್ಚಿ ಡಬ್ಬಗಳಿಗೆ ತುಂಬಿಕೊಟ್ಟ. ಮನೆಯಲ್ಲಿ ನಾನೇ ಜೋಡಿಸುತ್ತೇನೆ ಎಂದು ತೇಜು ಹಟ ಹಿಡಿದಿದ್ದಳು. ಇದಕ್ಕಾಗಿ ಎಷ್ಟು ವಿಡಿಯೋ ನೋಡಿದ್ದಳೋ!

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಮೆಲ್ಲಗೆ ಮಾತು ತೆಗೆದಳು. "ನಾಳೆ ಇದ್ರ ಪೂಜೆಗೆ ಪಕ್ಕದ್ಮನೆ ಮಂಜುಳಮ್ಮನ್ನ ಕರೀಬೇಕು. ಮುತ್ತೈದೆ."

"ಯಾರೂ ಬ್ಯಾಡ. ನೀನೇ ಮಾಡು."

"ನಾನಾ?"

"ಹೂಂ, ನೀನೇ. ಇಲ್ದಿದ್ರೆ ಪೂಜೇನೇ ಬ್ಯಾಡ."

ಬೆಳಿಗ್ಗೆ ತೇಜು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪೂಜೆ ಆಗಿಹೋಗಿತ್ತು. ಆಯುಧಪೂಜೆಯಲ್ಲಿ ಮಚ್ಚು, ಗುದ್ದಲಿ, ಕುಡುಗೋಲು ಒಂದನ್ನೂ ಬಿಡದೆ ಸಾಲಾಗಿಡುವ ಹಾಗೆ ಅವ್ವ ಎಲ್ಲ ಡಬ್ಬ ಬಿಚ್ಚಿ, ಭಾಗಗಳನ್ನು ಮಣೆಯ ಮೇಲೆ ಸಾಲಾಗಿ ಇಟ್ಟು, ನೀರಲ್ಲಿ ಕಲಸಿದ ಕುಂಕುಮವನ್ನು ಒಂದೊಂದಕ್ಕೂ ಇಟ್ಟಿದ್ದಳು. ಅವಳ ಮುಖದಲ್ಲಿ ಹಬ್ಬದ ಕಳೆ. ಅದನ್ನು ನೋಡಿಯೇ ತೇಜುವಿಗೆ ಹೊಟ್ಟೆ ತುಂಬಿಹೋಯಿತು. ತಿಂಡಿಯನ್ನೂ ತಿನ್ನದೆ ಕೂತಳು. ಪ್ರೊಸೆಸರ್ ಕೂರಿಸಿದಳು, ಗಡಿಬಿಡಿಯಲ್ಲಿ ರ‍್ಯಾಮನ್ನು ಟಕ್ಕೆಂದು ಒತ್ತಿದಳು, ವೈರುಗಳನ್ನು ಸಿಕ್ಕಿಸಿದಳು, ಗುಂಡಿ ಒತ್ತಿದಳು.

ಫ್ಯಾನು ತಿರುಗಿತು, ನೀಲಿ ದೀಪ ಹತ್ತಿತು. ಪರದೆ ಮಾತ್ರ ಕಪ್ಪು. ಆರಿಸಿ ಹಾಕಿದರೂ ಕಪ್ಪು. ಕೇಬಲ್ ಕಿತ್ತು ಸಿಕ್ಕಿಸಿದರೂ ಕಪ್ಪೇ.

ಹಿಂತಿರುಗಿ ನೋಡಿದರೆ ಅವ್ವ ಗೋಡೆಗೆ ಒರಗಿದ್ದಳು. ಕೈಗಳು ಮತ್ತೆ ಸೆರಗಿನೊಳಗೆ.

"ಅಂಗ್ಡೀಲಿ ಚೆನ್ನಾಗೇ ಓಡ್ತಲ್ಲ... ನಾ ಬಡ್ಕೊಂಡೆ, ಮಂಜುಳಮ್ಮನ್ನ ಕರೀಬೇಕು ಅಂತ. ನನ್ ಕೈಯೇ ಸರಿಯಿಲ್ಲ."

"ಸುಮ್ಕಿರವ್ವ!" ತೇಜು ಗದರಿಕೊಂಡಳು. ಅಳುವೇ ಬಂದಂತಾಯಿತು ಅವಳಿಗೆ. ಯಂತ್ರ ಕೆಟ್ಟರೆ ಬದಲಾಯಿಸಬಹುದು, ಈ ಮಾತು ಅವ್ವನ ತಲೆಯಲ್ಲಿ ಕೂತರೆ ಏನು ಮಾಡುವುದು?

ಮದರ್‌ಬೋರ್ಡಿನ ಮೇಲೆ, ರ‍್ಯಾಮಿನ ಪಕ್ಕದಲ್ಲಿ, ಪುಟ್ಟದೊಂದು ಕೆಂಪು ದೀಪ ಉರಿಯುತ್ತಿರುವುದು ಆಗ ಕಣ್ಣಿಗೆ ಬಿತ್ತು. ಆರಿಸಿ, ರ‍್ಯಾಮ್ ಪಟ್ಟಿಯನ್ನು ಕಿತ್ತು ಬೆಳಕಿಗೆ ಹಿಡಿದಳು. ಅದರ ಬಂಗಾರದ ಬಣ್ಣದ ಅಂಚಿನ ನಟ್ಟನಡುವೆ ಕುಂಕುಮ ಒಣಗಿ ಕೂತಿತ್ತು.

"ಅವ್ವಾ! ಇಲ್ಯಾಕೆ ಇಟ್ಟೆ?"

"ಬಂಗಾರದಂಗೆ ಲಕ್ಷಣವಾಗಿತ್ತಲ್ಲ ಮಗ, ಅದ್ಕೆ..."

ತೇಜುವಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಕೈದಲ್ಲ ಕಣವ್ವ ತಪ್ಪು, ಜಾಗದ್ದು. ಈ ಅಂಚು ಬೋರ್ಡಿಗೆ ತಾಗ್ಬೇಕು. ಮಧ್ಯಕ್ಕೆ ಕುಂಕುಮ ಬಂದ್ರೆ ಎಲ್ಲಿ ತಾಗ್ತದೆ? ಮಂಜುಳಮ್ಮ ಇಟ್ಟಿದ್ರೂ ಇಷ್ಟೇ!"

ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅಂಚನ್ನು ಉಜ್ಜಿ ಉಜ್ಜಿ ಫಳಫಳ ಮಾಡಿ, ಮತ್ತೆ ಕೂರಿಸಿದಳು. ಗುಂಡಿಯ ಕಡೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಈಗಲೂ ಹತ್ತದಿದ್ದರೆ ಅವ್ವ ಈ ಜನ್ಮದಲ್ಲಿ ಆ ಭರಣಿ ಮುಟ್ಟುವುದಿಲ್ಲ. ಗೊತ್ತಿದ್ದೂ ಹೇಳಿದಳು: "ಬಾ, ಗಾಜಿನ ಮೇಲೆ ಕುಂಕುಮ ಇಡು. ಆಮೇಲೆ ನೀನೇ ಒತ್ತು."

"ನಾನೊಲ್ಲೆ ಕಣೇ."

"ನೀನು ಒತ್ತೋಗಂಟ ಇದು ಹಿಂಗೇ ಬಿದ್ದಿರ್ತದೆ."

ಬಹಳ ಹೊತ್ತಿನ ಮೇಲೆ ಸೆರಗಿನಿಂದ ಒಂದು ಕೈ ಹೊರಗೆ ಬಂತು. ಗಾಜಿನ ಮೇಲೆ ಕೆಂಪು ಬೊಟ್ಟು ಮೂಡಿತು. ಗಂಗಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದಳು.

ಫ್ಯಾನು ತಿರುಗಿತು. ಪರದೆ ಕಪ್ಪಗಿತ್ತು, ಕಪ್ಪಗೇ ಇತ್ತು, ಆಮೇಲೆ ಝಗ್ಗೆಂದು ಬೆಳಗಿತು. ತೇಜು ಕಿರುಚಿದ ಕಿರುಚಿಗೆ ಮಂಜುಳಮ್ಮ ಕಾಂಪೌಂಡಿನ ಆಚೆಯಿಂದ ಕತ್ತು ಚಾಚಿದಳು. "ಏನ್ರೇ ಅದು ಗಲಾಟೆ?"

ಗಂಗಲಕ್ಷ್ಮಮ್ಮನಿಗೆ ಅದು ಕೇಳಿಸಲೇ ಇಲ್ಲ. ಪರದೆಯನ್ನೊಮ್ಮೆ, ತನ್ನ ಕೆಂಪು ಬೆರಳನ್ನೊಮ್ಮೆ ನೋಡಿಕೊಂಡಳು.

"ತೇಜು, ಆರ್ಸು ಅದ್ನ," ಎಂದಳು. "ಇನ್ನೊಂದ್ ಕಿತ ಒತ್ತೀನಿ."