ಮನೆಯ ಶ್ರುತಿ

“ಒಂದು ತಂತಿ ತಪ್ಪು,” ಎಂದ ಸಾಲೊಮನ್, ಮಗಳು ಹಾಡು ಮುಗಿಸುವುದನ್ನೂ ಕಾಯದೆ.

ಹೌನಾನಿ ಗಿಟಾರಿನ ಮೇಲಿನ ಕೈ ತೆಗೆಯಲಿಲ್ಲ. ಅವಳು ಹುಟ್ಟಿದಾಗ ಅವಳ ಅಜ್ಜಿ, ಸಾಲೊಮನ್‌ನ ತಾಯಿ, ಅವಳ ಹೆಸರಿನ ಮೇಲೆ ಕಟ್ಟಿದ ಹಾಡು ಅದು. ಕಟ್ಟಿದ ವರ್ಷವೇ ಅಜ್ಜಿ ತೀರಿಕೊಂಡಳು. ಬರುವ ಶನಿವಾರ ಹೌನಾನಿಯ ಮೊಮ್ಮಗಳಿಗೆ ಒಂದು ವರ್ಷ ತುಂಬುತ್ತದೆ. ಹಂದಿ ಬೇಯಿಸಲು ಹಿತ್ತಲಲ್ಲಿ ಗುಂಡಿ ತೋಡಿ ಆಗಿದೆ, ಮೊಲೊಕಾಯಿ ದ್ವೀಪದ ಅರ್ಧ ಜನ ಊಟಕ್ಕೆ ಬರುತ್ತಾರೆ. ಅವರೆಲ್ಲರ ಮುಂದೆ ನುಡಿಸಿ, ತನ್ನ ಹಾಡನ್ನು ಮಗುವಿಗೆ ಕೊಟ್ಟುಬಿಡಬೇಕೆಂಬುದು ಅವಳ ಆಸೆ. ತಪ್ಪು ಶ್ರುತಿಯಲ್ಲಿ ಕೊಡುವಂತಿಲ್ಲ.

“ಯಾವ ತಂತಿ ಅಪ್ಪಾ?”

“ಅದನ್ನೆಲ್ಲ ಹೇಳಕ್ಕಾಗಲ್ಲ.”

“ಹೇಳಿಬಿಡಣ್ಣ,” ಎಂದಳು ಒಲೆಯ ಮುಂದೆ ಮೀನು ಹುರಿಯುತ್ತಿದ್ದ ಮೆಲಿಯಾ. ಸಾಲೊಮನ್‌ನ ತಂಗಿ, ಅಣ್ಣನನ್ನು ಚುಚ್ಚದೆ ಅವಳಿಗೆ ದಿನ ಕಳೆಯುವುದಿಲ್ಲ. “ಮೇಲಕ್ಕೆ ಹೊತ್ಕೊಂಡು ಹೋಗಿ ಅಲ್ಲಿ ಯಾರಿಗೆ ನುಡಿಸ್ಬೇಕು ಅಂತಿದ್ದೀಯ?”

ಮುದುಕನ ಬಿಗುಮಾನ ಹೊಸದೇನಲ್ಲ. ತಂತಿ ಸಡಿಲಿಸಿ ಗಿಟಾರ್ ನುಡಿಸುವ ಪ್ರತಿ ಮನೆಗೂ ತನ್ನದೇ ಒಂದು ಶ್ರುತಿ ಇರುತ್ತದೆ. ಯಾವ ತಂತಿಯನ್ನು ಎಷ್ಟು ಇಳಿಸಬೇಕು ಎನ್ನುವುದನ್ನು ನೆರೆಯವನಿಗಿರಲಿ, ಮನೆ ಅಳಿಯನಿಗೂ ತೋರಿಸುವುದಿಲ್ಲ. ನೆಂಟರು ಬಂದರೆ ಸಾಲೊಮನ್ ಗೋಡೆಗೆ ಮುಖ ಮಾಡಿ ನುಡಿಸುತ್ತಿದ್ದ. ನೀರು ಕುಡಿಯಲು ಎದ್ದರೂ ಬಿರಡೆ ತಿರುಗಿಸಿ ಎಲ್ಲ ತಂತಿಗಳನ್ನೂ ಸಡಿಲ ಮಾಡಿಯೇ ಏಳುತ್ತಿದ್ದ. ಈ ಹಾಡನ್ನಂತೂ ಮನೆಯಲ್ಲಿ ನುಡಿಸುತ್ತಲೇ ಇರಲಿಲ್ಲ. ಹೇಳಿಕೊಡು ಎಂದು ಮಗಳು ಕೇಳಿದಾಗಲೆಲ್ಲ, ಕಾಲ ಬರಲಿ ಎನ್ನುತ್ತಿದ್ದ. ಕಾಲ ಬರುವ ಮೊದಲು ಸಂಧಿವಾತ ಬಂತು. ಈಗ ಬೆರಳುಗಳು ಹಸಿಶುಂಠಿಯ ಹಾಗೆ ಗಂಟುಗಟ್ಟಿವೆ, ನುಡಿಸುವುದು ಮುಗಿದ ಮಾತು.

“ನಾನು ಪ್ಲೇಟು ಕೇಳಿ ಕಲಿತಿದ್ದು,” ಎಂದಳು ಹೌನಾನಿ. “ನೀನೇ ನುಡಿಸಿರೋ ಪ್ಲೇಟು. ಗ್ರಾಮಫೋನಿಗೆ ಕಿವಿ ಹಚ್ಚಿ ಒಂದೊಂದೇ ತಂತಿ ಹಿಡಿದಿದ್ದೀನಿ. ತಪ್ಪು ಹೇಗಾಗತ್ತೆ?”

“ಪ್ಲೇಟೇ ತಪ್ಪು.”

ಮೆಲಿಯಾ ಒಲೆ ಆರಿಸಿ ಇತ್ತ ತಿರುಗಿದಳು.

“ರೆಕಾರ್ಡಿಂಗಿಗೆ ಹೊನೊಲುಲುಗೆ ಕರೆಸಿದಾಗ ಯೋಚನೆ ಮಾಡ್ದೆ,” ಎಂದ ಸಾಲೊಮನ್. “ಪ್ಲೇಟು ಅಂದ್ರೆ ಅಂಗಡಿ ಅಂಗಡಿಲೂ ಸಿಗತ್ತೆ. ಗಿಟಾರ್ ಹಿಡಿಯೋ ಪ್ರತಿಯೊಬ್ಬನೂ ಮನೇಲಿ ಆರಾಮಾಗಿ ಕೂತು ನಮ್ಮಮ್ಮನ ಶ್ರುತಿ ಕದೀತಾನೆ. ಅದಕ್ಕೇ ಒಂದು ತಂತೀನ ಬೇಕಂತಲೇ ಇನ್ನೂ ಇಳಿಸ್ದೆ. ಕದ್ದವರೆಲ್ಲ ಸುಳ್ಳನ್ನೇ ಕದ್ರು.” ಹೇಳಿ ನಕ್ಕ. ಇಷ್ಟು ವರ್ಷವಾದರೂ ಆ ಖುಷಿ ಅವನಲ್ಲಿ ಆರಿರಲಿಲ್ಲ.

“ನನಗೂ ಏನೋ ಬೇರೆ ಅನ್ನಿಸ್ತಿತ್ತು. ಪ್ಲೇಟಲ್ಲಿ ಎಲ್ಲಾನೂ ಹಾಗೇ ಕೇಳತ್ತೇನೋ ಅಂತ ಸುಮ್ಮನಿದ್ದೆ,” ಎಂದಳು ಮೆಲಿಯಾ. “ಸರಿ ಹೋಯ್ತು. ಸುಳ್ಳು ಕದ್ದವರಲ್ಲಿ ನಿನ್ನ ಮಗಳೂ ಒಬ್ಬಳಾದಳು.”

ಸಾಲೊಮನ್‌ನ ನಗು ನಿಂತಿತು. ಮಗಳ ಮುಖ ನೋಡಿದ, ಬಾಗಿಲ ಕಡೆ ನೋಡಿದ. “ಅದನ್ನ ಮುಚ್ಚು,” ಎಂದು ತಂಗಿಗೆ ಹೇಳಿದ. ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡು, ನಾಲ್ಕನೆಯ ತಂತಿಯ ಬಿರಡೆಯನ್ನು ಹೆಬ್ಬೆರಳಿಗೂ ಅಂಗೈಗೂ ನಡುವೆ ಸಿಕ್ಕಿಸಿ, ಹಲ್ಲು ಕಚ್ಚಿಕೊಂಡು ತಿರುಗಿಸಿದ. ಮತ್ತೆ ಮಗಳ ಕೈಗೆ ಕೊಟ್ಟ.

ಹೌನಾನಿ ನುಡಿಸಿದಳು. ಮೊದಲ ಸಾಲು ಮುಗಿಯುವಷ್ಟರಲ್ಲಿ ಮೆಲಿಯಾ ಅಂಗಿಯ ತೋಳನ್ನೇ ಎಳೆದು ಕಣ್ಣೊರೆಸಿಕೊಂಡಳು. “ಇದೇ ಕಣೇ. ಅಮ್ಮ ನಿನ್ನನ್ನ ಪಕ್ಕ ಮಲಗಿಸ್ಕೊಂಡು ನುಡಿಸ್ತಿದ್ದಿದ್ದು ಇದೇ.” ಮುದುಕ ಕಣ್ಣು ಮುಚ್ಚಿಕೊಂಡು ಕೇಳಿದ. ಸಾಯುವ ಮೊದಲು ಆಗಬೇಕಾದ ಕೆಲಸ ಆಯಿತೆಂದು ಅವನಿಗೆ ನೆಮ್ಮದಿಯಾಗಿತ್ತು.

ಹೌನಾನಿಗೆ ಮಾತ್ರ ಏನೂ ಅನ್ನಿಸಲಿಲ್ಲ. ಹಾಡು ಚೆನ್ನಾಗಿತ್ತು, ಪ್ಲೇಟಿನದಕ್ಕಿಂತಲೂ ಚೆನ್ನಾಗಿತ್ತು. ಆದರೆ ಯಾರದೋ ಮನೆಯ ಮಗಳ ಹಾಡಿನ ಹಾಗಿತ್ತು. ಅವಳಿಗೆ ಹೆದರಿಕೆಯಾಯಿತು. ಇನ್ನೊಮ್ಮೆ ನುಡಿಸಿ ನೋಡಿದಳು. ಆಗಲೂ ಅಷ್ಟೇ.

“ಬೇಜಾರು ಮಾಡ್ಕೋಬೇಡ ಅಪ್ಪಾ. ಶನಿವಾರ ನಾನು ಪ್ಲೇಟಲ್ಲಿರೋ ಹಾಗೇ ನುಡಿಸ್ತೀನಿ.”

“ಅದು ಸುಳ್ಳು ಅಂದ್ನಲ್ಲ.”

“ಇರಬಹುದು. ನೀನು ಹಡಗಿನ ಬ್ಯಾಂಡಲ್ಲಿ ನುಡಿಸ್ಕೊಂಡು ವರ್ಷಕ್ಕೊಂದು ಸಲ ಬರ್ತಿದ್ದೆ. ಅಪ್ಪ ಬೇಕು ಅಂತ ಅತ್ತರೆ ಅಮ್ಮ ಆ ಪ್ಲೇಟು ಹಾಕೋಳು, ನಾನು ಸುಮ್ಮನಾಗ್ತಿದ್ದೆ. ನನಗೆ ಅಪ್ಪ ಅಂದ್ರೆ ಅದೇ ಆಗಿತ್ತು.”

ಜೀವಮಾನವಿಡೀ ಕಾದಿಟ್ಟದ್ದನ್ನು ಈಗ ಕೊಟ್ಟರೂ ತೆಗೆದುಕೊಳ್ಳುವವರಿಲ್ಲ ಎಂಬುದು ಸಾಲೊಮನ್‌ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕೈ ಚಾಚಿ ಗಿಟಾರ್ ಇಸಕೊಂಡ. ಅದೇ ಬಿರಡೆಯನ್ನು ಒಂದಿಷ್ಟು ತಿರುಗಿಸಿ ತಂತಿ ಮೀಟಿದ, ತಲೆಯಾಡಿಸಿದ. ಮತ್ತಷ್ಟು ತಿರುಗಿಸಿದ. ಅದೂ ಅಲ್ಲ.

“ಪ್ಲೇಟಿಗೆ ಎಷ್ಟು ಇಳಿಸಿದ್ದೆ ಅಂತ ಮರೆತೇ ಹೋಗಿದೆ,” ಎಂದ. “ನೀನೇ ಹೇಳ್ಕೊಡಮ್ಮ.”