ಸೇತುವೆ ಹತ್ತಿದ ತೋಟ

ಒಂದಾನೊಂದು ಹೊಳೆಯ ದಡದಲ್ಲಿ ಒಬ್ಬ ಅಜ್ಜಿಗೆ ಕನಕಾಂಬರದ ತೋಟವಿತ್ತು. ನಡೆಯುವವರಿಗೂ ಸೈಕಲ್ಲಿನವರಿಗೂ ಸೇತುವೆಯಾಗಲೆಂದು ಅವಳು ಆ ತೋಟವನ್ನೇ ಬಿಟ್ಟುಕೊಟ್ಟಳು.

"ನಿಮ್ಮ ತೋಟಾನ ಸೇತುವೆ ಮೇಲೇ ಮಾಡಿಕೊಡ್ತೀನಿ ಅಜ್ಜಿ" ಎಂದು ನಕ್ಷೆ ಬರೆದ ಹುಡುಗಿ ಮಾತು ಕೊಟ್ಟಳು.

ಸೇತುವೆ ಎದ್ದು ನಿಂತಿತು. ಹಿರಿಯ ಎಂಜಿನಿಯರ್ ಮಾತ್ರ ತೋಟಕ್ಕೆ ಒಪ್ಪಲಿಲ್ಲ. "ಮಣ್ಣಿನ ಭಾರ ತಡೆಯಲ್ಲಮ್ಮ. ಮೊದಲು ಅಷ್ಟೇ ತೂಕದ ಮರಳು ಚೀಲ ಹೇರಿಸು. ಮಿತಿಗಿಂತ ಕೂದಲೆಳೆಯಷ್ಟು ಹೆಚ್ಚು ಬಗ್ಗಿದ್ರೂ ನಿನ್ನ ಹೂವಿನ ಕಥೆ ಮುಗೀತು."

ಹುಡುಗಿಯೇ ತುಂಬಿಸಿ ಹೊಲಿಸಿದ ಚೀಲಗಳನ್ನು ಹೇರಿ ಒಂದು ದಿನ ಪೂರ್ತಿ ಬಿಟ್ಟರು. ಹುಡುಗಿ ಸೇತುವೆಯ ಕೆಳಗೇ ನಿಂತಿದ್ದಳು.

"ಈಚೆ ಬಾರೇ, ತಲೆ ಮೇಲೆ ಬಿದ್ದೀತು" ಎಂದು ಅಜ್ಜಿ ದಡದಿಂದ ಗದರಿದಳು.

"ನಕ್ಷೆ ಬರೆದೋಳು ನಾನಲ್ವಾ ಅಜ್ಜಿ, ನಾನೇ ನಿಲ್ಲಬೇಕು."

ಎಂಜಿನಿಯರ್ ಸೇತುವೆ ಎಷ್ಟು ಬಗ್ಗಿದೆಯೆಂದು ಮಾಪಕ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಮಿತಿಯೊಳಗೇ ಇದೆ. ಸರಿ, ಮರಳು ಇಳಿಸಿ. ಅಷ್ಟೊಂದು ಮಣ್ಣು ಮೇಲಕ್ಕೆ ಹೊರೋದು ಯಾರು? ಮಳೆಗಾಲ ಕಳೀಲಿ, ಆಮೇಲೆ ನೋಡೋಣ."

ಹುಡುಗಿ ಮೇಲೆ ಹತ್ತಿ, ಮೊದಲ ಚೀಲದ ಹೊಲಿಗೆ ಬಿಚ್ಚಿ, ಮರಳಿನ ಬದಲು ಒಳಗಿದ್ದ ಅಜ್ಜಿಯ ತೋಟದ ಕೆಮ್ಮಣ್ಣನ್ನು ಸೇತುವೆಯ ಮೇಲೆ ಸುರಿದಳು.