ಯಾರೂ ಕೇಳದ ಮೂರನೆಯ ಗುಡ್ಡೆ

ಗೋಣಿಚೀಲದ ವಾಸನೆ ಬಂದರೆ ಈಗಲೂ ನನಗೆ ಅಮ್ಮನ ನೆನಪಾಗುತ್ತದೆ...

ಹಾಸನದ ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿಬೀಜ ಹದಮಾಡುವ ಕಾರ್ಖಾನೆಯಲ್ಲಿ, ದಿನವಿಡೀ ಬೀಜ ಆರಿಸಿ ಬಂದ ಅವಳ ಸೆರಗಿನಲ್ಲಿ ಗೋಣಿ, ಹಸಿ ಕಾಫಿಬೀಜ, ಬೆವರು ಬೆರೆತ ಒಂದು ವಾಸನೆ. ಆ ದುಡಿಮೆಯೇ ನನ್ನನ್ನು ಬಿ.ಎ. ಓದಿಸಿತು.

ಮುಂದೆ ಅಂಥದೇ ಒಂದು ಕ್ಯೂರಿಂಗ್‌ನ ಆಫೀಸಿನಲ್ಲಿ ನಾನು ಕ್ಲರ್ಕ್ ಆದೆ.

ನಾನು ನಿವೃತ್ತಳಾಗುವ ವರ್ಷ ಅಲ್ಲಿಗೆ ವಿದೇಶದಿಂದ ಒಂದು ಮೆಷಿನ್ ಬಂತು. ಕ್ಯಾಮೆರಾದಿಂದ ನೋಡಿ, ಕೆಟ್ಟ ಬೀಜವನ್ನು ಗಾಳಿಯಿಂದ ಊದಿ ಎಸೆಯುವ ಮೆಷಿನ್.

ಸಾಲಾಗಿ ಕೂತು ಬೀಜ ಆರಿಸುತ್ತಿದ್ದ ನಲವತ್ತು ಹೆಂಗಸರಿಗೆ ತಿಂಗಳ ಕೊನೆಗೆ ಕೆಲಸವಿಲ್ಲ ಎಂದಾಯಿತು.

ಆದರೆ ಒಳ್ಳೆಯ ಬೀಜ ಯಾವುದು, ಕೆಟ್ಟದ್ದು ಯಾವುದು ಅಂತ ಮೆಷಿನ್‌ಗೆ ಮೊದಲು ಯಾರಾದರೂ ಕಲಿಸಬೇಕಲ್ಲ... ಆ ಸಾಲಿನಲ್ಲೇ ಮೂವತ್ತು ವರ್ಷ ದುಡಿದ ಜವರಮ್ಮನನ್ನು ಮಾಲೀಕರು ಕರೆದರು.

“ಎರಡು ಗುಡ್ಡೆ ಮಾಡಿಕೊಡಮ್ಮ. ಒಳ್ಳೇದು ಒಂದು, ಕೆಟ್ಟದ್ದು ಒಂದು.”

ಆ ಹೆಂಗಸರಲ್ಲಿ ಒಂದು ರೂಢಿಯಿತ್ತು. ಮಧ್ಯಾಹ್ನ ಎಲ್ಲರೂ ಸುತ್ತಾಗಿ ಕೂತು ಬುತ್ತಿ ಬಿಚ್ಚುತ್ತಿದ್ದರು. ಯಾರೂ ತಮ್ಮ ಬುತ್ತಿಯನ್ನು ತಾವೇ ಉಣ್ಣುತ್ತಿರಲಿಲ್ಲ... ಪಕ್ಕದವಳಿಗೆ ದಾಟಿಸುತ್ತಿದ್ದರು.

ಅವತ್ತು ಊಟಕ್ಕೆ ಕೂತಾಗ ಜವರಮ್ಮನಿಗೆ ಗೆಳತಿ ಪುಟ್ಟನಂಜಿ ಹೇಳಿದಳು: “ಕರೀ ಬೀಜಾನೂ ಒಳ್ಳೇದು ಅಂತ ಸೇರಿಸ್ಬುಡು ಕಣಕ್ಕ. ಆ ಮಿಷನ್‌ಗೆ ತಲೆ ಕೆಟ್ಟು, ಬಂದ ಹಡಗಲ್ಲೇ ವಾಪಸ್ ಹೋಯ್ತದೆ!”

ಎಲ್ಲರೂ ನಕ್ಕರು. ಜವರಮ್ಮ ನಗಲಿಲ್ಲ.

“ಕಾಫಿ ಕುಡಿಯೋರು ಏನ್ ಪಾಪ ಮಾಡವ್ರೆ ನಂಜಿ? ನನ್ ಕೈಲಿ ಆಗಾಕಿಲ್ಲ.”

“ಓಹೋ! ನಮ್ ಹೊಟ್ಟೆ ಮ್ಯಾಲೆ ಹೊಡಿಯಾಕೆ ಆಯ್ತದೆ, ಇದ್ ಮಾತ್ರ ಆಗಾಕಿಲ್ವಾ?”

ಮರುದಿನ ಆ ಸುತ್ತಿನಲ್ಲಿ ಜವರಮ್ಮನಿಗೆ ಜಾಗವಿರಲಿಲ್ಲ...

ಎರಡು ದಿನ ಕಂಬಕ್ಕೊರಗಿ ಒಬ್ಬಳೇ ಉಂಡಳು. ಆಮೇಲೆ ಬುತ್ತಿ ತರುವುದನ್ನೇ ಬಿಟ್ಟಳು. ನಾನು ನನ್ನ ಡಬ್ಬಿ ಚಾಚಿದರೆ, “ಹಸಿವಿಲ್ಲ ಕಣ್ರವ್ವ” ಅಂದು ಬೀಜದತ್ತ ಬಗ್ಗಿದಳು.

ಆರನೆಯ ದಿನ ಮೆಷಿನ್ ಕೂರಿಸಲು ಕೊಯಮತ್ತೂರಿನ ಇಂಜಿನಿಯರ್ ಬಂದ. ನೋಡಿದರೆ ಎರಡಲ್ಲ, ಮೂರು ಗುಡ್ಡೆ!

“ಇದೇನಮ್ಮಾ ಮೂರನೇದು? ಚೆನ್ನಾಗೇ ಇದೆಯಲ್ಲಾ?”

“ಕಣ್ಣಿಗೆ ಚೆಂದವೇ ಸಾಮಿ. ಒಂದ್ ಬೀಜ ಜಜ್ಜಿ ಮೂಸಿ ನೋಡಿ.”

ಮೂಸಿದವನು ಕೊಳೆತ ನಾತಕ್ಕೆ ಮುಖ ಕಿವುಚಿದ. ಅಂಥ ಕೆಲವೇ ಬೀಜ ಸಾಕು, ಇಡೀ ಮೂಟೆಯ ರುಚಿ ಕೆಡಿಸಲು.

ಆತ ಮಾಲೀಕರ ಕಡೆ ತಿರುಗಿದ. “ಸಾರ್, ಇದು ನಮ್ಮ ಕ್ಯಾಮೆರಾಗೆ ಸಿಗಲ್ಲ. ಮೆಷಿನ್ ಆದಮೇಲೂ ಬೀಜ ಇವರ ಕೈ ದಾಟಿಯೇ ಹೋಗಬೇಕು.”

ಮಾಲೀಕರು ತಾವೂ ಒಂದು ಬೀಜ ಮೂಸಿ ಕೇಳಿದರು. “ಎಷ್ಟು ಜನ ಬೇಕು ಜವರಮ್ಮ?”

“ಮೂಗು ಚುರುಕಿರೋರು ಹದಿನೆಂಟು ಜನ ಅವ್ರೆ. ಮೊದ್ಲು ಪುಟ್ಟನಂಜಿ ಹೆಸರು ಬರ್ಕಳಿ.”

ಆ ಪಟ್ಟಿ ಬರೆದವಳು ನಾನೇ... ಅಕ್ಷರ ಮಂಜಾಗಿ ಎರಡು ಸಲ ಕನ್ನಡಕ ಒರೆಸಿಕೊಂಡೆ.

ಹೊಸ ಆರ್ಡರ್‌ಗಳು ಬಂದು, ಉಳಿದವರಲ್ಲಿ ಹೆಚ್ಚಿನವರು ಪ್ಯಾಕಿಂಗ್‌ಗೆ ಹೋದರು. ನಾಲ್ವರಿಗೆ ಮಾತ್ರ ಕೆಲಸ ಉಳಿಯಲಿಲ್ಲ. ಅದನ್ನು ನಾನು ಮುಚ್ಚಿಡಲಾರೆ.

ಪಟ್ಟಿ ಬರೆದ ದಿನ ಮಧ್ಯಾಹ್ನವೂ ಜವರಮ್ಮ ಕಂಬಕ್ಕೊರಗಿ ಕೂತಿದ್ದಳು.

ಸುತ್ತಿನಿಂದ ಪುಟ್ಟನಂಜಿ ಎದ್ದಳು. ಬಂದು, ಮುದ್ದೆ, ಉಪ್ಪುಸಾರು ಇದ್ದ ತನ್ನ ಬುತ್ತಿಯನ್ನು ಜವರಮ್ಮನ ಕೈಗಿಟ್ಟಳು.

ಪಕ್ಕದಲ್ಲೇ ಕೂತಳು.

*ಕೆಲಸದ ರೀತಿಯನ್ನು ಕಾಲ ಬದಲಾಯಿಸುತ್ತದೆ. ಕೆಲಸದ ನಿಯತ್ತನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.*

ನಾಳೆ ನಿಮ್ಮ ಜಾಗಕ್ಕೇ ಬರುವವರಿಗೆ ನೀವೇ ಕಲಿಸಬೇಕಾಗಿ ಬಂದರೆ... ಯಾರೂ ಕೇಳದ ಆ ಮೂರನೆಯ ಗುಡ್ಡೆಯನ್ನು ನೀವು ಮಾಡಿಡುವಿರಾ?